ಪಟ್ಟಿ ಅವರದು, ನಕ್ಷೆಯಾದರೂ ನಮ್ಮದಾಗಲಿ

ಭೂಮಿ ಕಳೆದುಕೊಳ್ಳಲಿರುವ ರೈತನ ಕೈಗೆ ಮೊದಲು ಬರುವುದು ಒಂದು ಪಟ್ಟಿ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಚೆಕ್ಕುಬಂದಿ, ಅಷ್ಟೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ (ಇದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ) 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಉದ್ಯಮಗಳಿಗಾಗಿ ವಶಪಡಿಸಿಕೊಳ್ಳಲು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಹೊರಟಾಗಲೂ ಮಾತು ನಡೆದದ್ದು ಸರ್ವೆ ನಂಬರುಗಳ ಭಾಷೆಯಲ್ಲಿಯೇ. ಇಂಥ ಪಟ್ಟಿಯಲ್ಲಿ ಪ್ರತಿಯೊಬ್ಬನಿಗೂ ಕಾಣುವುದು ತನ್ನ ಸಾಲು ಮಾತ್ರ. ಎರಡು ಹೊಲಗಳ ನಡುವಿನ ಕಾಲುವೆ, ಬಂಡಿದಾರಿ, ಮಳೆಗಾಲದಲ್ಲಿ ನೀರು ಹರಿದು ಕೆರೆ ಸೇರುವ ಇಳಿಜಾರು ಯಾರ ಸಾಲಿನಲ್ಲಿಯೂ ಇರುವುದಿಲ್ಲ. ಊರೊಂದು ನೂರಾರು ಒಂಟಿ ಖಾತೆದಾರರಾಗಿ ಒಡೆದುಹೋಗುವುದು ಹೀಗೆ. ಆ ಸಾಲುಗಳನ್ನು ಮತ್ತೆ ಊರಾಗಿ ಜೋಡಿಸಿ ತೋರಿಸುವ ಸಾಧನ ನಕ್ಷೆ. ಗಣಕದಲ್ಲಿ ನಕ್ಷೆ ರಚಿಸುವ ವಿದ್ಯೆಯನ್ನು, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿಐಎಸ್ ಎಂಬುದನ್ನು, ಹಳ್ಳಿಗರು ಕಲಿಯಲೇಬೇಕೆಂದು ನಾವು ಹಟ ಹಿಡಿದಿರುವುದು ಈ ಕಾರಣಕ್ಕೆ.

ಬಯಲುಸೀಮೆಯ ಹೋಬಳಿಯೊಂದರ ಕಥೆ ಮಲೆನಾಡಿನವರಿಗೇಕೆ ಎಂದು ಕೇಳುವವರು 2013ರ ಕಸ್ತೂರಿರಂಗನ್ ವರದಿಯನ್ನು ನೆನಪಿಸಿಕೊಳ್ಳಬೇಕು. ಗ್ರಾಮದ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ನೈಸರ್ಗಿಕ ಭೂದೃಶ್ಯವಾಗಿದ್ದರೆ ಆ ಗ್ರಾಮವು ಪರಿಸರ ಸೂಕ್ಷ್ಮ ಪ್ರದೇಶವಾಗುತ್ತದೆ ಎಂಬ ಆ ಲೆಕ್ಕ ನಡೆದದ್ದು ಉಪಗ್ರಹ ಚಿತ್ರದ ಮೇಲೆ. ಸುಮಾರು 24 ಮೀಟರು ಉದ್ದಗಲದ ಒಂದು ಚೌಕವೇ ಆ ಚಿತ್ರದ ಅತಿ ಚಿಕ್ಕ ಚುಕ್ಕೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಐದೂವರೆ ಗುಂಟೆಗೂ ಮಿಗಿಲು. ಅದರೊಳಗೆ ಅಡಕೆ ತೋಟವೂ ಸೊಪ್ಪಿನ ಬೆಟ್ಟವೂ ಅರ್ಧರ್ಧ ಸೇರಿದ್ದರೆ ಚುಕ್ಕೆಗೆ ದೊರೆಯುವುದು ಒಂದೇ ಬಣ್ಣ. ವರದಿಯನ್ನು ಸುಟ್ಟವರಲ್ಲಾಗಲಿ ಹೊತ್ತು ಮೆರೆಸಿದವರಲ್ಲಾಗಲಿ ತಮ್ಮ ಗ್ರಾಮದ ಚುಕ್ಕೆಗಳನ್ನು ಎಣಿಸಿ ನೋಡಿದವರೆಷ್ಟು ಮಂದಿ? ಪಶ್ಚಿಮಘಟ್ಟದ ರಕ್ಷಣೆಯನ್ನು ಬಯಸುವ ನಾವು ಈ ಪ್ರಶ್ನೆಯನ್ನು ಮೊದಲು ನಮಗೇ ಹಾಕಿಕೊಳ್ಳಬೇಕಾಗಿತ್ತು.

"ನಕ್ಷೆ ಎಂಜಿನಿಯರುಗಳ ಕೆಲಸ, ನಮಗೇಕೆ" ಎಂಬ ವಿನಯವು ಯಾರಿಗೆ ಅನುಕೂಲವೆಂಬುದನ್ನು ಚರಿತ್ರೆ ಹೇಳುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ ತಿಂಗಳಲ್ಲಿ. ಮರುವರ್ಷವೇ ಕಂಪನಿಯ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಣಿ ಹಿಡಿದು ಮೋಜಣಿಯ ಆಧಾರರೇಖೆಯನ್ನು ಅಳೆದನು. ಗೆದ್ದವನು ಮೊದಲು ಮಾಡಿಸುವ ಕೆಲಸ ನಕ್ಷೆ. ಸ್ವಾತಂತ್ರ್ಯ ಬಂದ ಮೇಲೂ ಸವಿವರವಾದ ನಕ್ಷೆಗಳು ಬಹುಕಾಲ ಇಲಾಖೆಗಳ ಬೀರುವಿನಲ್ಲಿಯೇ ಉಳಿದವು. ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಬೇಕಿಲ್ಲವೆಂದು ಕೇಂದ್ರ ಸರ್ಕಾರ ಹೇಳಿದ್ದು 2021ರ ಫೆಬ್ರವರಿಯಲ್ಲಿ. ಕಂಪನಿಗಳು ಆ ಬಾಗಿಲಿನಿಂದ ಅಂದೇ ಒಳಹೊಕ್ಕವು. ನಾವಿನ್ನೂ ಹೊಸ್ತಿಲಾಚೆ ನಿಂತಿದ್ದೇವೆ.

ಕಲಿಯಬೇಕಾದದ್ದು ಬೆಟ್ಟದಷ್ಟೇನಿಲ್ಲ. ಭೂಮಿಯ ಪ್ರತಿಯೊಂದು ಬಿಂದುವಿಗೂ ಅಕ್ಷಾಂಶ ರೇಖಾಂಶಗಳೆಂಬ ಎರಡು ಸಂಖ್ಯೆಗಳಿವೆ. ಬಾವಿ ಒಂದು ಬಿಂದು, ಹಳ್ಳ ಒಂದು ರೇಖೆ, ಹೊಲ ಒಂದು ಆವರಣ. ಪ್ರತಿ ಆವರಣಕ್ಕೂ ಪಹಣಿಯಂಥದೊಂದು ಕೋಷ್ಟಕ ಅಂಟಿಕೊಂಡಿರುತ್ತದೆ. ಶಾನುಭೋಗರ ಕಡತವೂ ಗ್ರಾಮನಕ್ಷೆಯೂ ಒಂದೇ ಹಾಳೆಯ ಮೇಲೆ ಕೂಡಿದಂತೆ. ಕೆರೆಗಳದೊಂದು ಪದರ, ಸರ್ವೆ ನಂಬರುಗಳದೊಂದು, ಗೋಮಾಳದ್ದೊಂದು. ಒಂದರ ಮೇಲೊಂದನ್ನು ಹಾಸಿ ನೋಡಿದರೆ ಪಟ್ಟಿ ಬಚ್ಚಿಟ್ಟದ್ದು ಹೊರಬೀಳುತ್ತದೆ. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಕಿರುತಂತ್ರಾಂಶವು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿಯೇ ತೋರಿಸುತ್ತದೆ. ಐರೋಪ್ಯರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಎಲ್ಲರಿಗೂ ಉಚಿತ. ಅದರ ಚುಕ್ಕೆ 10 ಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ!

ಆದರೆ ಯಂತ್ರ ತೋರಿಸಿದ್ದೆಲ್ಲವೂ ಸತ್ಯವಲ್ಲ. ಬಯಲಿನಲ್ಲಿಯೇ ಮೊಬೈಲಿನ ಸ್ಥಳಸೂಚನೆ ನಾಲ್ಕೈದು ಮೀಟರು ತಪ್ಪುವುದುಂಟು. ನಮ್ಮ ಕಾಡಿನ ನೆರಳಿನಲ್ಲಿ ಇನ್ನೂ ಹೆಚ್ಚು. ಗುಂಟೆಯ ಒಂದು ಮಗ್ಗುಲೇ 10 ಮೀಟರು ಇರುವಾಗ ಇದನ್ನು ನಂಬಿ ಬೇಲಿ ಸರಿಸಹೊರಟವನು ನೆರೆಯವನೊಡನೆ ಜಗಳ ತಂದುಕೊಳ್ಳುತ್ತಾನೆ, ಅಷ್ಟೇ. ಹಳೆಯ ಸರ್ವೆ ಹಾಳೆಗಳ ಲೆಕ್ಕದ ಬುನಾದಿಯೇ ಬೇರೆ. ಅದನ್ನು ಹೊಂದಿಸದೆ ಇಂದಿನ ಚಿತ್ರದ ಮೇಲೆ ಇಟ್ಟರೆ ಹೊಲವೇ ಪಕ್ಕಕ್ಕೆ ಜರುಗಿ ಕುಳಿತುಕೊಳ್ಳುತ್ತದೆ.

ಚಿತ್ರದ ತಿಂಗಳನ್ನು ಕೇಳುವುದನ್ನಂತೂ ಮರೆಯಬಾರದು. ದೇವನಹಳ್ಳಿ ಸೀಮೆಯ ರಾಗಿ ಹೊಲವನ್ನು ಅಕ್ಟೋಬರಿನಲ್ಲಿ ಆಕಾಶದಿಂದ ನೋಡಿದರೆ ಹಸಿರು. ಏಪ್ರಿಲಿನಲ್ಲಿ ನೋಡಿದರೆ ಬರಿ ಮಣ್ಣು. ಬೇಸಿಗೆಯ ಒಂದೇ ಚಿತ್ರವನ್ನು ಮುಂದಿಟ್ಟು "ಇದು ಪಾಳುಭೂಮಿ" ಎನ್ನುವವನು ಸುಳ್ಳು ಹೇಳುತ್ತಿದ್ದಾನೆಂದು ತೋರಿಸಲು ಅದೇ ಹೊಲದ ಹನ್ನೆರಡು ತಿಂಗಳ ಚಿತ್ರಗಳು ಸಾಕು. ಪಹಣಿಯ 'ಖುಷ್ಕಿ' ಎಂಬ ಒಂದು ಪದದೊಳಗೆ ಕೊಳವೆಬಾವಿಯ ನೀರಿನಲ್ಲಿ ಬೆಳೆದ ದ್ರಾಕ್ಷಿಯೂ ಹಿಪ್ಪುನೇರಳೆಯೂ ಹೂವೂ ತರಕಾರಿಯೂ ಅಡಗಿಹೋಗಬಲ್ಲವು. ಅದೇ ತಾಲ್ಲೂಕಿನ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಆ ತೋಪಿನ ಸುತ್ತ ಏನು ಬರಲಿದೆಯೆಂಬುದನ್ನು ಪಟ್ಟಿ ಹೇಳುವುದಿಲ್ಲ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಜಿಐಎಸ್ ಪಾಠವನ್ನು ಬೆಂಗಳೂರಿನ ಕೆಲಸದ ಏಣಿಯೆಂದು ಮಾತ್ರ ಎಣಿಸಿರುವುದು ವಿಷಾದಕರ. ಪರೀಕ್ಷೆಗಾಗಿ ಯಾವುದೋ ದೂರದ ನದೀಕಣಿವೆಗೆ ಬಣ್ಣ ತುಂಬಿದವರು ತಮ್ಮೂರಿನ ಅಬ್ಬಿಯನ್ನು ಗುರುತಿಸಿರುವುದಿಲ್ಲ. ಅರಣ್ಯಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಕುಟುಂಬಗಳಿಗೆ ಇವರ ನೆರವು ಬೇಕು. ಉಪಗ್ರಹ ಚಿತ್ರವು ಉಳಿದ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಜಾಗವನ್ನು ಆಕ್ರಮಿಸಕೂಡದು ಎಂದು 2012ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. "ಚಿತ್ರದಲ್ಲಿ ನಿಮ್ಮ ಗದ್ದೆ ಕಾಣುವುದಿಲ್ಲ" ಎಂದು ಅರ್ಜಿ ತಿರಸ್ಕರಿಸುವ ಅಧಿಕಾರಿಯ ಮುಂದೆ ಈ ನಿಯಮವನ್ನೂ ಚುಕ್ಕೆಯ ಅಳತೆಯನ್ನೂ ಒಟ್ಟಿಗೆ ಇಡಬಲ್ಲವರು ಬೇಕಾಗಿದ್ದಾರೆ. ಒಂದು ಎಚ್ಚರಿಕೆ: ದೇವರಕಾಡಿನ ಔಷಧಿಗಿಡ, ರಾಂಪತ್ರೆ ಜಡ್ಡಿ, ಜೇನುಮರ ಇವುಗಳನ್ನು ಗುರುತಿಸಿದ ಪದರವು ಊರಿನಲ್ಲಿಯೇ ಉಳಿಯಲಿ. ಎಲ್ಲವನ್ನೂ ಅಂತರಜಾಲಕ್ಕೆ ಏರಿಸುವುದು ಕಳ್ಳನಿಗೆ ಕೀಲಿಕೈ ಕೊಟ್ಟಂತೆ.

ಚನ್ನರಾಯಪಟ್ಟಣದವರು ಗಣಕದಿಂದ ಗೆದ್ದರೆಂದು ನಾವು ಹೇಳುತ್ತಿಲ್ಲ. 2022ರ ಏಪ್ರಿಲ್ 4ರಿಂದ 1,198 ದಿನ ಬಿಸಿಲು ಮಳೆಗಳಲ್ಲಿ ಧರಣಿ ಕುಳಿತು ಗೆದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಆದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯು ನೋಟಿಸು ತಲುಪಿದ ರೈತನಿಗೆ ಆಕ್ಷೇಪಣೆಗೆಂದು ಕೊಡುವುದು 30 ದಿನ. ಆ 30 ದಿನಗಳಲ್ಲಿ ನಕ್ಷೆ ಕಲಿಯಲು ಕುಳಿತರೆ ಆಗುವುದಿಲ್ಲ. ನೋಟಿಸು ಬರುವ ಮೊದಲೇ ಅದು ಪಂಚಾಯಿತಿಯ ಗೋಡೆಯ ಮೇಲಿರಬೇಕು.

ಆ ಘೋಷಣೆಯಲ್ಲಿ ಇನ್ನೊಂದು ಮಾತೂ ಇತ್ತು: ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಪಡೆಯಲಾಗುವುದು. ಇಲ್ಲೊಂದು ಸರ್ವೆ ನಂಬರು, ಅಲ್ಲೊಂದು ಸರ್ವೆ ನಂಬರು ಹೀಗೆ ಕೈಬಿಟ್ಟುಹೋದರೆ ನಡುವೆ ಉಳಿದ ಹೊಲಕ್ಕೆ ಬಂಡಿದಾರಿ ಯಾವುದು, ನೀರು ಯಾವ ಕಡೆಯಿಂದ? ಮಾರಿದವನ ಪಹಣಿಯಲ್ಲಿ ಅದು ಒಂದು ಮ್ಯುಟೇಶನ್ ನಮೂದು. ಉಳಿದವನ ಪಹಣಿಯಲ್ಲಿ ಏನೂ ಬದಲಾಗಿರುವುದಿಲ್ಲ. 13 ಹಳ್ಳಿಗಳ ಯುವಕರು ಪ್ರತಿ ತಿಂಗಳೂ ಆ ನಮೂದುಗಳನ್ನು ತೆಗೆದು ಒಂದೇ ನಕ್ಷೆಯ ಮೇಲೆ ಬಣ್ಣ ತುಂಬುತ್ತ ಹೋಗಲಿ. ತೂತು ಎಲ್ಲಿ ಬಿದ್ದಿದೆ, ಯಾವ ದಿಕ್ಕಿಗೆ ಹಿಗ್ಗುತ್ತಿದೆ ಎಂಬುದು ಮೂರನೆಯ ತಿಂಗಳಿಗೇ ಕಾಣತೊಡಗುತ್ತದೆ.