ತಂತ್ರಾಂಶ ರಚನೆಯಲ್ಲಿ ಅಪವ್ಯಯ

ಕಾವ್ಯದಲ್ಲಿ ಅರ್ಥಕ್ಕೆ ಬೇಡದ ಪದವೊಂದು ಸೇರಿಕೊಂಡರೆ ನಮ್ಮ ಆಲಂಕಾರಿಕರು ಅದನ್ನು 'ಅಧಿಕಪದ'ವೆಂಬ ದೋಷವಾಗಿ ಎಣಿಸಿದ್ದಾರೆ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ತಂತ್ರಾಂಶ ರಚನೆಯಲ್ಲಿಯೂ ಇಂಥದೇ ವಿವೇಚನೆಯುಂಟೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ತಿಳಿದಾಗ ಸಂತೋಷವಾಯಿತು. ಇದಕ್ಕೆ 'ಲೀನ್' ವಿಚಾರವೆಂದು ಹೆಸರು. ಸಂಸ್ಕೃತದ 'ಲೀನ' ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಬ್ಬಿಲ್ಲದ್ದು ಎಂಬುದೇ ಇದರ ಅರ್ಥ.

ಇದರ ಮೂಲ ಜಪಾನಿನ ಟೊಯೊಟಾ ಕಾರ್ಖಾನೆ. ಅಲ್ಲಿಯ ತಾಯಿಚಿ ಓನೊ ಅವರು ಅಪವ್ಯಯವನ್ನು ಏಳು ಬಗೆಯಾಗಿ ವಿಂಗಡಿಸಿ, ಬೇಡಿಕೆಗೆ ಮೀರಿ ತಯಾರಿಸುವುದನ್ನೇ ಎಲ್ಲಕ್ಕಿಂತ ಕೆಟ್ಟದ್ದೆಂದರು. 2003ರಲ್ಲಿ ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿಗಳು ತಮ್ಮ ಗ್ರಂಥದಲ್ಲಿ ಆ ಏಳನ್ನೂ ತಂತ್ರಾಂಶಕ್ಕೆ ಅನ್ವಯಿಸಿದರು: ಅರೆಬರೆ ಕೆಲಸ, ಅನಗತ್ಯ ವಿಧಿವಿಧಾನ, ಯಾರಿಗೂ ಬೇಡದ ಸೌಲಭ್ಯ, ಒಂದು ಕೆಲಸದಿಂದ ಮತ್ತೊಂದಕ್ಕೆ ಹಾರುವುದು, ಕಾಯುವುದು, ಅಲೆದಾಟ ಮತ್ತು ದೋಷ.

ಕಾರ್ಖಾನೆಯಲ್ಲಿ ವ್ಯರ್ಥವಾದುದು ರಾಶಿಯಾಗಿ ಕಣ್ಣಿಗೆ ಬೀಳುತ್ತದೆ. ತಂತ್ರಾಂಶದಲ್ಲಿ ಅದು ಅಗೋಚರ. ಬರೆದು, ಪರೀಕ್ಷಿಸದೆ ಇಟ್ಟ ಆದೇಶಮಾಲೆಗೆ ಗೋದಾಮು ಬೇಡ, ತುಕ್ಕೂ ಹಿಡಿಯದು. ಆದರೆ ಬರೆದವನ ನೆನಪು ಮಾಸಿದಷ್ಟೂ ಅದರ ತಪ್ಪನ್ನು ಹುಡುಕುವ ಶ್ರಮ ಬೆಳೆಯುತ್ತದೆ. ಯಾರೂ ಬಳಸದ ಸೌಲಭ್ಯವನ್ನೂ ಕಾಲಕಾಲಕ್ಕೆ ತಿದ್ದಿ ಕಾಪಾಡಬೇಕಾಗುತ್ತದೆ. ಆದ್ದರಿಂದ ಕೆಲಸವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮುಗಿಸಿ, ಪರೀಕ್ಷಿಸಿ, ಬಳಸುವವರಿಗೆ ಒಪ್ಪಿಸಿ, ಅವರ ಮಾತನ್ನು ಕೇಳಿ ಮುಂದುವರಿಯುವುದೇ ಇದರ ಮಾರ್ಗ.

ಇಷ್ಟು ಸರಿ. ಆದರೆ ಆ ಶಿಷ್ಯನ ಕಛೇರಿಯಲ್ಲಿ ಲೀನ್ ಎಂಬ ಹೆಸರು ಹೇಳಿ ತಂತ್ರಾಂಶವನ್ನು ಪರೀಕ್ಷಿಸುವವರನ್ನೇ ಕೆಲಸದಿಂದ ಬಿಡಿಸಿದರಂತೆ. ಉಳಿದವರು ಈಗ ತಪ್ಪು ಕಂಡರೂ ಅಂಜಿ ಸುಮ್ಮನಿರುತ್ತಾರಂತೆ. ಇದು ಅಪವ್ಯಯದ ನಿವಾರಣೆಯಲ್ಲ, ಅದರ ಬಿತ್ತನೆ. ಟೊಯೊಟಾ ಸಂಸ್ಥೆ 2001ರಲ್ಲಿ ತನ್ನ ತತ್ತ್ವಗಳನ್ನು ಬರಹಕ್ಕಿಳಿಸಿದಾಗ ನಿರಂತರ ಸುಧಾರಣೆಯೊಡನೆ ಜನರ ಬಗೆಗಿನ ಗೌರವವನ್ನೂ ಆಧಾರಸ್ತಂಭವೆಂದು ಸಾರಿತು. ಆ ಮನೆತನದ ಸಕಿಚಿ ಟೊಯೊಡಾ ಅವರು ನಿರ್ಮಿಸಿದ ಸ್ವಯಂಚಾಲಿತ ಮಗ್ಗವು ಎಳೆ ಹರಿದೊಡನೆ ತಾನೇ ನಿಲ್ಲುತ್ತಿತ್ತು. ಅದೇ ತತ್ತ್ವದಂತೆ, ಅವರ ಮೋಟಾರು ಕಾರ್ಖಾನೆಯಲ್ಲಿ ತಪ್ಪನ್ನು ಕಂಡ ಸಾಮಾನ್ಯ ಕಾರ್ಮಿಕನಿಗೂ ಹಗ್ಗವೆಳೆದು ಕೆಲಸ ನಿಲ್ಲಿಸುವ ಅಧಿಕಾರ ದೊರೆಯಿತು.

ನಮ್ಮ ಶಾಲೆಯಲ್ಲಿ ಕಲಿತ ಅನೇಕರು ಇಂದು ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿದ್ದಾರೆ. ಕೆಲವರು ಹಿರಿಯ ಸ್ಥಾನಗಳಿಗೂ ಏರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ತಪ್ಪನ್ನು ಬಚ್ಚಿಟ್ಟು ಗಡುವು ಮುಟ್ಟಿಸುವವನಿಗಿಂತ 'ನಿಲ್ಲಿ, ಇಲ್ಲಿ ಎಳೆ ಹರಿದಿದೆ' ಎನ್ನುವ ಕಿರಿಯನೇ ಸಂಸ್ಥೆಯ ಹಿತೈಷಿ. ಅವನಿಗೆ ಹಾಗೆನ್ನುವ ಧೈರ್ಯವನ್ನು ಕೊಡಿರಿ. ಆ ಧೈರ್ಯವಿಲ್ಲದ ಕಛೇರಿಯಲ್ಲಿ 'ಲೀನ್' ಎಂಬುದೇ ಒಂದು ಅಧಿಕಪದ.