ಸೌರ ಇನ್ವರ್ಟರ್ ಖರೀದಿ: ದರಕ್ಕಿಂತ ಲೆಕ್ಕ ಮೊದಲು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಅಲ್ಲಿ ಜಲವಿದ್ಯುತ್ ಘಟಕವೂ ಇದೆ. ಆದರೂ ಹಿನ್ನೀರಿನ ಸುತ್ತಣ ಕಾಡಂಚಿನಲ್ಲಿ ವ್ಯಾಪಾರ ನಡೆಸುವವರು ವಿದ್ಯುತ್ ತಂತಿಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಉರುಳಿದರೆ ತಂಪುಪೆಟ್ಟಿಗೆಯಲ್ಲಿನ ಹಾಲು, ಐಸ್‌ಕ್ರೀಂ ನಷ್ಟದ ಖಾತೆಗೆ ಸೇರುತ್ತವೆ. ಆದುದರಿಂದ ಬ್ಯಾಟರಿಸಹಿತ ಸೌರ ವ್ಯವಸ್ಥೆಯ ವಿಚಾರ ಬರುವುದು ಸಹಜ. ಆದರೆ ಫಲಕ ಮತ್ತು ಬ್ಯಾಟರಿಗಳ ಬಗ್ಗೆ ಹತ್ತು ಕಡೆ ವಿಚಾರಿಸುವ ವರ್ತಕರು ಇನ್ವರ್ಟರ್ ಆಯ್ಕೆಯನ್ನು ಮಾತ್ರ ಮಾರಾಟಗಾರರಿಗೇ ಬಿಟ್ಟುಬಿಡುತ್ತಾರೆ. ಇದು ಸರಿಯಾದ ಕ್ರಮವಲ್ಲ.

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು ವಾಸದ ಮನೆಗಳ ಚಾವಣಿಗೆ ಸಂಬಂಧಿಸಿದ್ದು, ಅಂಗಡಿ, ಕಾರ್ಖಾನೆಗಳಿಗಲ್ಲ. ಬ್ಯಾಟರಿಯಿಲ್ಲದೆ ಸರಬರಾಜು ಜಾಲಕ್ಕೆ ಜೋಡಿಸುವ ಸಾಮಾನ್ಯ ಇನ್ವರ್ಟರ್, ಲೈನ್‌ನಲ್ಲಿ ವಿದ್ಯುತ್ ಹೋದೊಡನೆ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಕತ್ತಲೆಯ ಕಷ್ಟಕ್ಕೆ ಅದು ಪರಿಹಾರವಲ್ಲ.

ಈಗ ಒಂದು ಸಣ್ಣ ಅಂಗಡಿಯ ಲೆಕ್ಕವನ್ನು ನೋಡಬಹುದು. ಫ್ರಿಜ್ 150 ವಾಟ್, ಎರಡು ಫ್ಯಾನು 150, ನಾಲ್ಕು ಎಲ್‌ಇಡಿ ದೀಪ 36, ಬಿಲ್ಲಿಂಗ್ ಕಂಪ್ಯೂಟರು 100; ಒಟ್ಟು 436 ವಾಟ್. 850 ವಿಎ ಇನ್ವರ್ಟರ್‌ನ ಪವರ್ ಫ್ಯಾಕ್ಟರ್ 0.8 ಆಗಿದ್ದರೆ ಅದು ಕೊಡುವುದು 680 ವಾಟ್. ಕಾಗದದ ಮೇಲೆ ಇದು ಧಾರಾಳವಾಗಿ ಸಾಕು. ಆದರೆ ಫ್ರಿಜ್‌ನ ಕಂಪ್ರೆಸರ್ ಚಾಲನೆಗೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಐದು ಪಟ್ಟು ಎಂದರೂ ಆ ಕ್ಷಣದ ಒಟ್ಟು ಬೇಡಿಕೆ 1,036 ವಾಟ್. ಇದನ್ನು ತಾಳದ ಯಂತ್ರ ಪದೇಪದೇ ಟ್ರಿಪ್ ಆಗುತ್ತದೆ.

ಹಾಗೆಂದು ಅತಿ ದೊಡ್ಡದನ್ನು ಕೊಳ್ಳುವುದೂ ಜಾಣತನವಲ್ಲ. ಲೋಡ್ ಇಲ್ಲದಿದ್ದರೂ ಇನ್ವರ್ಟರ್ ತಾನೇ ಒಂದಿಷ್ಟು ವಿದ್ಯುತ್ ಬಳಸುತ್ತದೆ. 15 ವಾಟ್ ಬಳಸುವ ಯಂತ್ರಕ್ಕೆ ದಿನಕ್ಕೆ 360 ವಾಟ್-ಅವರ್ ಬೇಕಾದರೆ, 40 ವಾಟ್ ಬಳಸುವುದಕ್ಕೆ 960 ಬೇಕು. 335 ವಾಟಿನ ಒಂದು ಫಲಕ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲಿನಲ್ಲಿ, ಕಾಲುಭಾಗ ಸೋರಿಕೆ ಕಳೆದು, ಕೊಡುವುದು ಸುಮಾರು 1,130. ಎಂದರೆ ಈ 600ರ ವ್ಯತ್ಯಾಸವೇ ಅರ್ಧ ಫಲಕವನ್ನು ನುಂಗುತ್ತದೆ. ವ್ಯಾಪಾರವಿಲ್ಲದ ದಿನವೂ ತಪ್ಪದ ಬಾಡಿಗೆಯಂತೆ, ಮೋಡ ಕವಿದ ಆಷಾಢದಲ್ಲೂ ಈ ವೆಚ್ಚ ನಿಲ್ಲದು.

ಅಗ್ಗವೆಂದು ಸ್ಕ್ವೇರ್ ವೇವ್ ಯಂತ್ರ ಕೊಂಡರೆ ಮೋಟಾರುಗಳು ಕಾದು ಸದ್ದು ಮಾಡುತ್ತವೆ. ಫ್ರಿಜ್, ಹೊಲಿಗೆ ಯಂತ್ರದ ಮೋಟಾರುಗಳಿಗೆ ಪ್ಯೂರ್ ಸೈನ್ ವೇವ್ ತಕ್ಕದ್ದು. 1,000 ವಾಟ್ ಲೋಡ್‌ಗೆ 12 ವೋಲ್ಟ್ ಬ್ಯಾಟರಿಯಿಂದ 83 ಆಂಪಿಯರ್‌ಗೂ ಮೀರಿ ವಿದ್ಯುತ್ ಹರಿಯಬೇಕು. 24 ವೋಲ್ಟ್ ಆದರೆ ಅದರ ಅರ್ಧ ಸಾಕು, ಕೇಬಲ್ ಬಿಸಿಯಾಗುವುದೂ ಕಡಿಮೆ.

ತೆರಿಗೆ ಲಾಭದ ಮಾತನ್ನೂ ತೂಗಿ ನೋಡಬೇಕು. ಸೌರ ಉಪಕರಣಗಳಿಗೆ ಶೇ. 40 ಸವಕಳಿ ಇರುವುದು ನಿಜ. ಆದರೆ ಅಂದಾಜು ಲಾಭದ ಯೋಜನೆಯಡಿ ಆದಾಯ ಘೋಷಿಸುವ ವರ್ತಕರು ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಜಿಎಸ್‌ಟಿ ರಾಜಿ ತೆರಿಗೆಯಲ್ಲಿರುವವರಿಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಸಣ್ಣ ವರ್ತಕರಲ್ಲಿ ಅನೇಕರು ಈ ಎರಡು ವರ್ಗಗಳಿಗೇ ಸೇರಿದವರು.

ಆದ್ದರಿಂದ ದರಪಟ್ಟಿ ಪಡೆಯುವಾಗಲೇ ನಿರಂತರ ವಾಟ್, ಚಾಲನೆಯ ಕ್ಷಣದ ವಾಟ್, ಲೋಡ್ ಇಲ್ಲದಾಗಿನ ಬಳಕೆ, ಐ.ಎಸ್. 16221 ಮಾನಕದ ಪ್ರಮಾಣ, ದುರಸ್ತಿ ಮಾಡುವವರ ಊರು ಇವನ್ನು ಬರವಣಿಗೆಯಲ್ಲೇ ಕೇಳಿ ಪಡೆಯುವುದು ಕ್ಷೇಮ. ಇನ್ವರ್ಟರ್ ಮಾರುವವರೂ ವರ್ತಕ ಬಂಧುಗಳೇ. ಗ್ರಾಹಕರು ಕೇಳುವ ಮುನ್ನವೇ ಈ ವಿವರಗಳನ್ನು ನಮೂದಿಸಿ ಕೊಟ್ಟರೆ ಮುಂದಿನ ಮಳೆಗಾಲದಲ್ಲಿ ತಕರಾರಿಗೆ ಎಡೆಯಿರುವುದಿಲ್ಲ.