ಜೀರೋ ಬಲ್ಬಿನ ಲೆಕ್ಕ

ಮಕ್ಕಳೇ, ಈ ವಾರ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಅಜ್ಜ ಅಜ್ಜಿಯರೂ ಪಕ್ಕದಲ್ಲಿರಲಿ. ನಮ್ಮ ಮನೆಯ ದೀಪಗಳ ಜಮಾಖರ್ಚು ನೋಡೋಣ.

ನನ್ನ ವಯಸ್ಸಿನವರು ಈಗಲೂ ಅಂಗಡಿಯಲ್ಲಿ ‘ಅರವತ್ತರ ಬಲ್ಬ್ ಕೊಡಪ್ಪಾ’ ಎನ್ನುತ್ತೇವೆ. ಅರವತ್ತು ಎಂದರೆ ವ್ಯಾಟ್. ಅದು ಬಲ್ಬ್ ತಿನ್ನುವ ವಿದ್ಯುತ್, ಅಂದರೆ ಖರ್ಚು. ಬಲ್ಬ್ ಕೊಡುವ ಬೆಳಕು ಜಮೆ. ಅದರ ಅಳತೆ ಲ್ಯೂಮೆನ್; ಡಬ್ಬಿಯ ಮೇಲೆ ಬರೆದಿರುತ್ತದೆ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕು ಸುಮಾರು 700 ಲ್ಯೂಮೆನ್. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತಿತ್ತು. 9 ವ್ಯಾಟಿನ ಎಲ್‌ಇಡಿ ಅದಕ್ಕಿಂತ ಕಡಿಮೆಯಿಲ್ಲದ ಬೆಳಕು ಕೊಡುತ್ತದೆ.

ಈಗ ಲೆಕ್ಕ. 1,000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ 5 ಗಂಟೆಯಂತೆ 30 ದಿನ ಉರಿಸಿದರೆ ಹಳೆಯ ಬಲ್ಬಿಗೆ 9 ಯೂನಿಟ್, ಎಲ್‌ಇಡಿಗೆ 1.35 ಯೂನಿಟ್. ತಾಳೆ ನೋಡಿ.

ದೊಡ್ಡ ಬಲ್ಬ್ ಹಾಕಿದರೆ ಸಾಲದು, ಬೆಳಕು ಹತ್ತಿರ ಇರಬೇಕು. ಬಲ್ಬಿಗೂ ಪುಸ್ತಕಕ್ಕೂ ಇರುವ ದೂರ ಅರ್ಧವಾದರೆ ಪುಸ್ತಕದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಓದುವ ಮೇಜಿಗೆ ಒಂದು ಚಿಕ್ಕ ಟೇಬಲ್ ಲ್ಯಾಂಪ್ ಸಾಕು. ಬಲಗೈಯಲ್ಲಿ ಬರೆಯುವವರು ಅದನ್ನು ಎಡಕ್ಕಿಡಿ, ಎಡಗೈಯವರು ಬಲಕ್ಕೆ. ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಗೋಡೆಗೆ ಬಿಳಿ ಸುಣ್ಣ ಹೊಡೆಸಿದರೆ, ಬಲ್ಬಿನ ಧೂಳು ಒರೆಸಿದರೆ ಬೆಳಕು ಪುಕ್ಕಟೆಯಾಗಿ ಹೆಚ್ಚುತ್ತದೆ. ಒರೆಸುವ ಮುನ್ನ ಸ್ವಿಚ್ ಆರಿಸಿ, ಬಲ್ಬ್ ತಣ್ಣಗಾಗಲಿ.

‘ಇಷ್ಟು ಬೆಳಕಿದ್ದರೂ ಕಾಣಲ್ವಾ ತಾತ?’ ಎಂದು ಕೇಳಬೇಡಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತು ದಾಟಿದವರ ಕಣ್ಣಿನೊಳಗೆ ಇಳಿಯುವ ಬೆಳಕು, ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು. ನಿಮಗೆ ಮಬ್ಬಾದ ಜಾಗ ನಮಗೆ ಕತ್ತಲೆ.

ನನ್ನ ಹೆಂಡತಿಯ ಅಕ್ಕ ಎರಡು ವರ್ಷದ ಹಿಂದೆ ರಾತ್ರಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿದುಕೊಂಡರು. ಕರೆಂಟು ದಂಡ ಎಂದು ಎಲ್ಲ ದೀಪ ಆರಿಸಿ ಮಲಗುವುದು ಅವರ ರೂಢಿ. ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾರೆ.

ಅವರ ರೂಢಿ ಒಂದು ಕಾಲಕ್ಕೆ ಸರಿಯೇ ಇತ್ತು. ಹಳೆಯ ಜೀರೋ ಬಲ್ಬ್ ಹೆಸರಿಗೆ ಸೊನ್ನೆ, ತಿನ್ನುತ್ತಿದ್ದುದು 12ರಿಂದ 15 ವ್ಯಾಟ್! ರಾತ್ರಿ 10 ಗಂಟೆ ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್ಟಿನ ಆಸುಪಾಸು. ಈಗ ಅರ್ಧ ವ್ಯಾಟಿನ ಎಲ್‌ಇಡಿ ಜೀರೋ ಬಲ್ಬ್ ಸಿಗುತ್ತದೆ. ಅಷ್ಟೇ ಹೊತ್ತು ಉರಿದರೆ ತಿಂಗಳಿಗೆ 0.15 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೂ 90 ಪೈಸೆ. ಉಳಿತಾಯ ಮಾಡಲೇಬೇಕು, ಆದರೆ ಈ 90 ಪೈಸೆಯಲ್ಲಿ ಬೇಡ.

ಈ ವಾರದ ಮನೆಗೆಲಸ: ರಾತ್ರಿ ದೀಪಗಳು ಆರಿದ ಮೇಲೆ ಅಜ್ಜಿಯ ಹಾಸಿಗೆಯ ಬಳಿ ನಿಂತು ಬಚ್ಚಲಿನ ಕಡೆ ನೋಡಿ. ಹೊಸ್ತಿಲು, ಮೆಟ್ಟಿಲು, ಚಪ್ಪಲಿ ಬಿಟ್ಟ ಜಾಗ ಕಾಣುತ್ತವೆಯೇ? ಯಾವುದು ಕಾಣುವುದಿಲ್ಲವೋ ಬರೆದುಕೊಂಡು ಅಪ್ಪನಿಗೋ ಅಮ್ಮನಿಗೋ ಕೊಡಿ. ಜೀರೋ ಬಲ್ಬ್ ಹಾಕಬೇಕಾದ್ದು ಅಲ್ಲೇ.